ಹೇಳದೇ ಇದ್ದದ್ದನ್ನು ಟೆಸ್ಟ್ ಹುಡುಕುವುದಿಲ್ಲ: ಮುಂಬೈಯಲ್ಲಿ ಲೈಂಗಿಕ ಸೋಂಕಿನ ತಪಾಸಣೆ

‘ಫುಲ್ ಬಾಡಿ ಚೆಕಪ್ ಮಾಡಿಸಿದೆ, ಎಲ್ಲಾ ನಾರ್ಮಲ್’ ಎನ್ನುವವರು ಮುಂಬೈಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮೊಬೈಲಿಗೆ ಆಫರ್ ಬರುತ್ತದೆ. ಬೆಳಗ್ಗೆ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಸಂಜೆಯೊಳಗೆ ಪುಟಗಟ್ಟಲೆ ರಿಪೋರ್ಟು. ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್, ವಿಟಮಿನ್ ಎಲ್ಲಾ ಅದರಲ್ಲಿರುತ್ತದೆ. ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಪರೀಕ್ಷೆ ಸಾಮಾನ್ಯವಾಗಿ ಅದರಲ್ಲಿ ಒಂದೂ ಇರುವುದಿಲ್ಲ. ಕೇಳಿ ಬರೆಸಿದರೆ ಮಾತ್ರ ಇರುತ್ತದೆ.

ಇನ್ನು ಕೆಲವರಿಗೆ ರಕ್ತದಾನದ ಮೇಲೆ ನಂಬಿಕೆ. ‘ಮೊನ್ನೆ ಕ್ಯಾಂಪಿನಲ್ಲಿ ರಕ್ತ ಕೊಟ್ಟೆ. ಏನಾದ್ರೂ ಇದ್ದಿದ್ದರೆ ಫೋನ್ ಮಾಡ್ತಿದ್ದರಲ್ಲ’ ಎನ್ನುತ್ತಾರೆ. ದಾನ ಮಾಡಿದ ರಕ್ತವನ್ನು ನಮ್ಮ ದೇಶದಲ್ಲಿ 5 ಸೋಂಕುಗಳಿಗೆ ಕಡ್ಡಾಯವಾಗಿ ಪರೀಕ್ಷಿಸುತ್ತಾರೆ ಎಂಬುದು ನಿಜ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಗನೋರಿಯಾ, ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕುಗಳು ಆ ಪಟ್ಟಿಯಲ್ಲಿಲ್ಲ. ಗಲ್ಫ್‌ಗೆ ಹೋಗುವಾಗ ಮಾಡಿಸುವ ಮೆಡಿಕಲ್ ಕೂಡ ಹೀಗೆಯೇ. ಅಲ್ಲೂ ಲೈಂಗಿಕ ಸೋಂಕುಗಳಲ್ಲಿ ರಕ್ತದಲ್ಲಿ ಕಾಣುವಂಥವನ್ನಷ್ಟೇ ನೋಡುತ್ತಾರೆ. ಇನ್ನೊಂದು ಮಾತು, ಅನುಮಾನ ಇರುವವರು ಟೆಸ್ಟ್ ಆಗಲಿ ಎಂದು ರಕ್ತದಾನಕ್ಕೆ ಹೋಗಲೇಬಾರದು. ಹೊಸ ಸೋಂಕು ಕೆಲವು ದಿನ ಪರೀಕ್ಷೆಗೆ ಸಿಗುವುದಿಲ್ಲ, ಆ ರಕ್ತ ಯಾವುದೋ ಬಡಪಾಯಿ ರೋಗಿಗೆ ಹೋಗಿಬಿಡಬಹುದು.

ಹಾಗಾಗಿ ಮೊದಲು ತಿಳಿಯಬೇಕಾದ್ದು ಇಷ್ಟು. ಎಲ್ಲವನ್ನೂ ಒಟ್ಟಿಗೆ ಹೇಳುವ ಒಂದೇ ಟೆಸ್ಟ್ ಎಂಬುದು ಇಲ್ಲ. ಯಾವ ಸೋಂಕನ್ನು ಹುಡುಕಬೇಕು, ದೇಹದ ಯಾವ ಭಾಗದಿಂದ ಸ್ಯಾಂಪಲ್ ತೆಗೆಯಬೇಕು, ಇವತ್ತು ತೆಗೆಯಬೇಕೋ ಇನ್ನು 15 ದಿನ ಬಿಟ್ಟೋ ಎಂಬುದೆಲ್ಲ ನೀವು ಡಾಕ್ಟರ ಮುಂದೆ ಕೂತು ಏನು ಹೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಅರ್ಧ ತಪಾಸಣೆ ನಡೆಯುವುದು ಮಾತಿನಲ್ಲೇ.

ಯಾವುದು ಎಲ್ಲಿ ಸಿಗುತ್ತದೆ

ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ರಕ್ತದಲ್ಲಿ ಕಾಣುತ್ತವೆ. ಗನೋರಿಯಾ ಮತ್ತು ಕ್ಲಮೀಡಿಯಾ ಹಾಗಲ್ಲ. ಅವು ತಗುಲಿದ ಜಾಗದಲ್ಲೇ ಕೂತಿರುತ್ತವೆ. ಮೂತ್ರನಾಳ, ಗರ್ಭಕೋಶದ ಬಾಯಿ, ಗಂಟಲು, ಗುದದ್ವಾರ. ಗಂಡಸರಿಗೆ ಮೂತ್ರ ಸಾಕಾಗುತ್ತದೆ, ಆದರೆ ಅದನ್ನು ಹಿಡಿಯುವ ಕ್ರಮ ಬೇರೆ. ಮೂತ್ರದ ಸೋಂಕಿಗೆ ಟೆಸ್ಟ್ ಮಾಡುವಾಗ ‘ಮೊದಲಿನದ್ದು ಬಿಟ್ಟು ಮಧ್ಯದ್ದು ಹಿಡಿಯಿರಿ’ ಎನ್ನುತ್ತಾರಲ್ಲ, ಇಲ್ಲಿ ಅದರ ಉಲ್ಟಾ. ಮೊದಲು ಬರುವ ಸ್ವಲ್ಪವೇ ಬೇಕು, ಯಾಕೆಂದರೆ ನಾಳದಲ್ಲಿರುವ ರೋಗಾಣುವನ್ನು ತೊಳೆದು ತರುವುದು ಅದೇ. ಅದಕ್ಕೂ ಮುಂಚೆ ಕಡಿಮೆ ಎಂದರೆ 1 ಗಂಟೆ ಮೂತ್ರಕ್ಕೆ ಹೋಗಿರಬಾರದು. ಇದು ಗೊತ್ತಿಲ್ಲದೆ ಬಂದ ಕೂಡಲೇ ಟಾಯ್ಲೆಟ್ಟಿಗೆ ಹೋಗಿ, ಆಮೇಲೆ ಸ್ಯಾಂಪಲ್ ಕೊಡಲು ಕೂರುವವರು ಬಹಳ.

ಹೆಂಗಸರಿಗೆ ಯೋನಿಯಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಸ್ಯಾಂಪಲ್ ಮೂತ್ರಕ್ಕಿಂತ ಒಳ್ಳೆಯದು. ಅದನ್ನು ಅವರೇ ತೆಗೆದುಕೊಂಡರೂ ನಡೆಯುತ್ತದೆ. ಬಾಯಿಯಿಂದ ಅಥವಾ ಹಿಂದಿನಿಂದ ಸಂಪರ್ಕ ಆಗಿದ್ದರೆ ಗಂಟಲಿನಿಂದ, ಗುದದಿಂದ ಬೇರೆ ಸ್ಯಾಂಪಲ್ ತೆಗೆಯಲೇಬೇಕು. ಮೂತ್ರ ನೆಗೆಟಿವ್ ಬಂದಿದೆ, ಗಂಟಲಲ್ಲಿ ಗನೋರಿಯಾ ಇದೆ ಎಂದಾಗುವುದುಂಟು. ಹೇಳದಿದ್ದರೆ ಗಂಟಲನ್ನು ಯಾರೂ ನೋಡುವುದಿಲ್ಲ.

ಹರ್ಪಿಸ್ ಬೇರೆಯೇ ಕತೆ. ಗುಳ್ಳೆ, ಹುಣ್ಣು ಎದ್ದಾಗಲೇ ತೋರಿಸಬೇಕು. ಅನುಭವ ಇರುವ ಡಾಕ್ಟರು ನೋಡಿಯೇ ಹೇಳುತ್ತಾರೆ, ಬೇಕಾದರೆ ಹುಣ್ಣಿನಿಂದ ಸ್ಯಾಂಪಲ್ ತೆಗೆಯುತ್ತಾರೆ. ಏನೂ ಇಲ್ಲದಾಗ ಸುಮ್ನೆ ರಕ್ತದ ಹರ್ಪಿಸ್ ಟೆಸ್ಟ್ ಮಾಡಿಸಿದರೆ ಗೊಂದಲ ಜಾಸ್ತಿಯಾಗುತ್ತದೆ ಅಷ್ಟೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ಎಂಬ ವೈರಸ್ಸಿಗೆ ಗಂಡಸರಲ್ಲಿ ರೂಢಿಯ ಪರೀಕ್ಷೆ ಇಲ್ಲ. ಹೆಂಗಸರಿಗೆ 30 ದಾಟಿದ ಮೇಲೆ ಗರ್ಭಕೋಶದ ಬಾಯಿಯ ತಪಾಸಣೆ ಇದೆ. ಈ ವೈರಸ್ಸಿಗೆ ಲಸಿಕೆಯೂ ಇದೆ, ಪುಣೆಯ ಸೀರಮ್ ಸಂಸ್ಥೆ ತಯಾರಿಸುವ ‘ಸರ್ವಾವ್ಯಾಕ್’ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಪಟೈಟಿಸ್ ಬಿಗೂ 3 ಡೋಸಿನ ಲಸಿಕೆ ಇದೆ. ಟೆಸ್ಟ್ ನೆಗೆಟಿವ್ ಬಂದ ದಿನವೇ ಮೊದಲ ಡೋಸ್ ಹಾಕಿಸಿಕೊಳ್ಳಿ ಎಂಬುದು ನನ್ನ ಸಲಹೆ.

‘ನನಗೆ ಏನೂ ತೊಂದರೆ ಇಲ್ಲ, ಮತ್ತೇಕೆ ಟೆಸ್ಟು’ ಎನ್ನುವವರಿಗೆ ಒಂದು ವಿಷಯ. ಕ್ಲಮೀಡಿಯಾ ತಗುಲಿದ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಗಂಡಸರಲ್ಲೂ ಎಷ್ಟೋ ಜನರಿಗೆ ಇರುವುದಿಲ್ಲ. ಸಿಫಿಲಿಸ್ ಇನ್ನೂ ಮೋಸದ್ದು. ಮೊದಲು ಒಂದು ಹುಣ್ಣು ಆಗುತ್ತದೆ, ನೋವೇ ಇರುವುದಿಲ್ಲ. ಏನೂ ಮಾಡದಿದ್ದರೂ 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಬಚಾವಾದೆ ಅಂದುಕೊಳ್ಳುತ್ತಾರೆ. ಆಮೇಲೆ ಅಂಗೈ ಅಂಗಾಲಲ್ಲಿ ಕೆಂಪು ಕಲೆ ಏಳುತ್ತದೆ, ಅದೂ ಹೋಗುತ್ತದೆ. ಸೋಂಕು ಮಾತ್ರ ಒಳಗೇ ಇದ್ದು ವರ್ಷಗಳ ನಂತರ ನರಕ್ಕೆ, ಹೃದಯಕ್ಕೆ ಕೈ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವಯಸ್ಸಿನವರಿಗೆ ಗನೋರಿಯಾ, ಕ್ಲಮೀಡಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ಈ 4 ಸೋಂಕುಗಳೇ ಹೊಸದಾಗಿ ಸುಮಾರು 37.4 ಕೋಟಿ ಸಲ ತಗುಲಿದವು. ನಾಲ್ಕೂ ಔಷಧಿಯಿಂದ ವಾಸಿಯಾಗುವಂಥವು.

ತಾರೀಕು ನೆನಪಿಡಿ

ಸೋಂಕು ತಗುಲಿದ ದಿನಕ್ಕೂ ಟೆಸ್ಟಿನಲ್ಲಿ ಸಿಗುವ ದಿನಕ್ಕೂ ನಡುವೆ ಅಂತರ ಇದೆ. ಶನಿವಾರ ರಾತ್ರಿಯ ಸಂಪರ್ಕಕ್ಕೆ ಸೋಮವಾರ ಬೆಳಗ್ಗೆ ಎಚ್‌ಐವಿ ಟೆಸ್ಟ್ ಮಾಡಿಸುವುದೆಂದರೆ ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಮೊಳಕೆ ಹುಡುಕಿದ ಹಾಗೆ. ಆ ಟೆಸ್ಟ್ ನಿಮ್ಮ ಹಳೆಯ ಸ್ಥಿತಿಯನ್ನು ಹೇಳುತ್ತದೆ, ಶನಿವಾರದ್ದನ್ನಲ್ಲ.

ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಾಡುವ ಕ್ಷಿಪ್ರ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ. ದೇಹ ಅದರ ವಿರುದ್ಧ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಪ್ರತಿಕಾಯ ಸಿಗಲು 23ರಿಂದ 90 ದಿನ ಬೇಕಾಗಬಹುದು. ದೊಡ್ಡ ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ವೈರಸ್ಸಿನ ಒಂದು ತುಣುಕನ್ನೂ ಹುಡುಕುವುದರಿಂದ 18ರಿಂದ 45 ದಿನದಲ್ಲಿ ಹೇಳಬಲ್ಲದು. ಹಾಗಾಗಿ 6 ವಾರ ಆದ ಮೇಲೆ ಒಮ್ಮೆ, 3 ತಿಂಗಳು ಆದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಮನಸ್ಸು ನಿರಾಳ. ಸಿಫಿಲಿಸ್‌ಗೂ 3 ತಿಂಗಳವರೆಗೆ ಕಾಯಬೇಕಾಗಬಹುದು. ಗನೋರಿಯಾ, ಕ್ಲಮೀಡಿಯಾ ಬೇಗ ಸಿಗುತ್ತವೆ, 2 ವಾರ ಬಿಟ್ಟು ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕೀವು, ಹುಣ್ಣು, ಉರಿ ಇದ್ದರೆ ಈ ಲೆಕ್ಕ ಯಾವುದೂ ಬೇಡ, ಅವತ್ತೇ ಹೋಗಿ.

ಕಾಯದೇ ಓಡಬೇಕಾದ ಸಂದರ್ಭ ಇನ್ನೊಂದಿದೆ. ಕಾಂಡೋಮ್ ಹರಿದಿದೆ, ಅಥವಾ ಬಲಾತ್ಕಾರ ಆಗಿದೆ, ಎಚ್‌ಐವಿ ಭಯ ಇದೆ ಎಂದಾದರೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಂಡರೆ ಸೋಂಕು ನೆಲೆಯೂರದಂತೆ ತಡೆಯಬಹುದು. ಇದಕ್ಕೆ ‘ಪೆಪ್’ ಎನ್ನುತ್ತಾರೆ. 72 ಗಂಟೆ ಎಂಬುದು ಕೊನೆಯ ಗಡಿ. ಮೊದಲ ಕೆಲವು ಗಂಟೆಯಲ್ಲೇ ಶುರುವಾದರೆ ಒಳ್ಳೆಯದು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ ‘ಪೆಪ್ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಬೆಳಗಾಗಲಿ, ಸೋಮವಾರ ಬರಲಿ ಎಂದು ಕಾಯುವ ವಿಷಯ ಇದಲ್ಲ.

ಎಲ್ಲಿಗೆ ಹೋಗುವುದು

ಮುಂಬೈಯಲ್ಲಿ ಇದಕ್ಕೆ ದುಡ್ಡಿಲ್ಲದೆಯೂ ದಾರಿ ಇದೆ. ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್, ಭಾಯಖಳದ ಜೆ.ಜೆ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಎಚ್‌ಐವಿ ಟೆಸ್ಟಿಗೆ ‘ಐಸಿಟಿಸಿ’ ಎಂಬ ಕೇಂದ್ರ ಇರುತ್ತದೆ. ಆಪ್ತ ಸಮಾಲೋಚನೆ ಮತ್ತು ಟೆಸ್ಟ್ ಎರಡೂ ಅಲ್ಲೇ, ಎರಡೂ ಉಚಿತ. ಉಳಿದ ಲೈಂಗಿಕ ಸೋಂಕುಗಳಿಗೆ ‘ಸುರಕ್ಷಾ ಕ್ಲಿನಿಕ್’ ಇದೆ. ಸಾಮಾನ್ಯವಾಗಿ ಚರ್ಮರೋಗ ವಿಭಾಗದಲ್ಲೋ ಸ್ತ್ರೀರೋಗ ವಿಭಾಗದಲ್ಲೋ ಇರುತ್ತದೆ. ಬೋರ್ಡಿನ ಮೇಲೆ ‘ಸ್ಕಿನ್ ಅಂಡ್ ವಿಡಿ’ ಎಂದು ಬರೆದಿದ್ದರೆ ಅದೇ ಜಾಗ, ವಿಡಿ ಎಂದರೆ ಲೈಂಗಿಕ ರೋಗ. ಮುಂಬೈಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು 1998ರಿಂದ ಇರುವ ಮುಂಬೈ ಜಿಲ್ಲಾ ಏಡ್ಸ್ ನಿಯಂತ್ರಣ ಸಂಸ್ಥೆ. ಅದರ ಕಚೇರಿ ವಡಾಲಾದ ಆಕ್‌ವರ್ತ್ ಆಸ್ಪತ್ರೆಯ ಆವರಣದಲ್ಲಿದೆ. ಹತ್ತಿರದ ಕೇಂದ್ರ ಯಾವುದು ಎಂದು ತಿಳಿಯಲು 1097ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತಾರೆ. ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ, ಟ್ರಾನ್ಸ್‌ಜೆಂಡರ್ ಸಮುದಾಯದವರಿಗೆ 1994ರಲ್ಲಿ ಶುರುವಾದ ಹಮ್‌ಸಫರ್ ಟ್ರಸ್ಟ್ ಇದೆ. ಮುಖ ಸಿಂಡರಿಸದೆ ಮಾತಾಡುವವರು ಸಿಗುತ್ತಾರೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಅಲ್ಲಿಗೆ ಹೋಗುತ್ತಾರೆ.

ಮುಂಬೈ ಊರು ದೊಡ್ಡದು, ಆದರೆ ಇಲ್ಲಿನ ಕನ್ನಡಿಗರ ಬಳಗ ಸಣ್ಣದು. ಮಾಟುಂಗದಲ್ಲಿ ಸೀನಿದರೆ ಕುಂದಾಪುರದಲ್ಲೋ ಇಂಡಿಯಲ್ಲೋ ಕೇಳಿಸುತ್ತದೆ. ಫ್ಯಾಮಿಲಿ ಡಾಕ್ಟರು ನಮ್ಮವರೇ, ಅವರ ಹೆಂಡತಿ ನಮ್ಮಮ್ಮನ ಜೊತೆ ಭಜನೆಗೆ ಬರುತ್ತಾರೆ. ಅವರ ಹತ್ತಿರ ಇದನ್ನು ಹೇಗೆ ಹೇಳೋದು, ಅಲ್ವಾ? ಹೇಳಬೇಕಾಗಿಲ್ಲ. ನಿಮ್ಮ ವಾರ್ಡಿನಲ್ಲೇ ತೋರಿಸಬೇಕೆಂಬ ನಿಯಮ ಇಲ್ಲ. ದಹಿಸರ್‌ನವರು ಪರೇಲಿಗೆ ಹೋಗಬಹುದು, ಡೊಂಬಿವಲಿಯವರು ಸಯನ್‌ಗೆ ಇಳಿಯಬಹುದು. ನಾಚಿಕೆಯಿಂದ ತಿಂಗಳುಗಟ್ಟಲೆ ಮುಂದೂಡುವುದಕ್ಕಿಂತ ಒಂದು ಗಂಟೆ ಲೋಕಲ್‌ನಲ್ಲಿ ಪ್ರಯಾಣ ಮಾಡುವುದು ಎಷ್ಟೋ ಮೇಲು. ಆದರೆ ರೈಲಿನ ಡಬ್ಬಿಯಲ್ಲಿ ಅಂಟಿಸಿರುವ ‘ಗುಪ್ತರೋಗ, ಗ್ಯಾರಂಟಿ ಇಲಾಜ್’ ಚೀಟಿಗಳ ಕಡೆ ಮಾತ್ರ ಹೋಗಬೇಡಿ. ಅಲ್ಲಿ ಟೆಸ್ಟೇ ಇಲ್ಲದೆ ಇಲಾಜು ಶುರುವಾಗುತ್ತದೆ, ಜೇಬು ಖಾಲಿಯಾಗುವ ತನಕ ನಿಲ್ಲುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಓಪಿಡಿ ಬೆಳಗಿನ ಹೊತ್ತು. ಹೋಟೆಲಿನಲ್ಲಿ ರಾತ್ರಿ ತಡವಾಗಿ ಮಲಗುವವರಿಗೆ ಇದೇ ದೊಡ್ಡ ಕಷ್ಟ, ವಾರದ ರಜೆಯ ದಿನ ಬೇಗ ಎದ್ದು ಹೋಗಬೇಕಾಗುತ್ತದೆ. ಮೊದಲು ಕೇಸ್ ಪೇಪರ್ ಮಾಡಿಸಬೇಕು. ಅಲ್ಲಿ ಕಿಟಕಿಯಲ್ಲಿ ‘ಏನು ತೊಂದರೆ’ ಎಂದು ಕೇಳಿದರೆ ‘ಸ್ಕಿನ್’ ಎಂದರೆ ಸಾಕು, ಸಾಲಿನಲ್ಲಿ ನಿಂತವರ ಎದುರು ವಿವರ ಬೇಡ. ವಿವರ ಹೇಳುವುದು ಬಾಗಿಲು ಹಾಕಿದ ಕೋಣೆಯಲ್ಲಿ.

ಆ ಕೋಣೆಯಲ್ಲಿ

ನನ್ನ ಪರಿಚಯದ ಹುಡುಗ, ಹೋಟೆಲ್ ಕೌಂಟರಿನಲ್ಲಿ ಕೆಲಸ. ‘ಜೊತೆಗೆ ಬನ್ನಿ ಅಕ್ಕ, ಒಬ್ಬನಿಗೇ ಧೈರ್ಯ ಇಲ್ಲ’ ಎಂದ. ಹೋದೆ. ಐಸಿಟಿಸಿಯಲ್ಲಿ ಎಚ್‌ಐವಿ ಟೆಸ್ಟ್ ಆಯಿತು, ನೆಗೆಟಿವ್ ಬಂತು, ನಗುತ್ತಾ ಹೊರಗೆ ಬಂದ.

‘ಎಲ್ಲ ಕ್ಲಿಯರ್ ಅಕ್ಕ. ಇನ್ನು ಹೊರಡುವ.’

‘ಉರಿಮೂತ್ರದ ವಿಷಯ ಹೇಳಿದೆಯಾ?’

‘ಅದು... ಅವರು ಮೇಡಂ ಅಲ್ವಾ ಅಕ್ಕ. ಹೇಗೆ ಹೇಳೋದು?’

‘ಅದಕ್ಕೇ ಬಂದದ್ದಲ್ಲ ಮಾರಾಯ ನಾವು!’

ಮತ್ತೆ ಒಳಗೆ ಹೋಗಿ ಹೇಳಿದ. ಅವರು ಅಲ್ಲಿಂದ ಸುರಕ್ಷಾ ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟರು. ಡಾಕ್ಟರು ಪರದೆ ಎಳೆದು ನೋಡಿದರು, ಕೀವು ಇತ್ತು. ಅವನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ನೆಗೆಟಿವ್ ರಿಪೋರ್ಟ್ ಜೇಬಿನಲ್ಲಿಟ್ಟುಕೊಂಡೇ ಗನೋರಿಯಾ ಹಂಚುತ್ತಿದ್ದ. ಟೆಸ್ಟ್ ಸುಳ್ಳು ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ, ಅಷ್ಟೆ.

ಕೌನ್ಸೆಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಕೊನೆಯ ಸಂಪರ್ಕ ಯಾವಾಗ, ಗಂಡಸಿನ ಜೊತೆಯೋ ಹೆಂಗಸಿನ ಜೊತೆಯೋ ಇಬ್ಬರ ಜೊತೆಯೂ ಉಂಟೋ, ಒಬ್ಬರೋ ಹಲವರೋ, ಬಾಯಿಯಿಂದಲೋ ಮುಂದಿನಿಂದಲೋ ಹಿಂದಿನಿಂದಲೋ, ಕಾಂಡೋಮ್ ಇತ್ತಾ, ಸೂಜಿಯಿಂದ ನಶೆ ಮಾಡುವ ಅಭ್ಯಾಸ ಇದೆಯಾ, ಪೆನಿಸಿಲಿನ್ ಇಂಜೆಕ್ಷನ್ ಆಗಿಬರುತ್ತದಾ, ಮೆಡಿಕಲ್ ಅಂಗಡಿಯಿಂದ ಏನಾದರೂ ತಂದು ತಿಂದಿದ್ದೀರಾ. ಹೆಂಗಸರಾದರೆ ಕೊನೆಯ ಮುಟ್ಟು ಯಾವಾಗ ಎಂಬುದೂ ಬರುತ್ತದೆ. ಇದು ವಿಚಾರಣೆ ಅಲ್ಲ. ಒಂದೊಂದು ಪ್ರಶ್ನೆಯ ಹಿಂದೆಯೂ ಒಂದು ಸ್ಯಾಂಪಲ್ಲೋ ಒಂದು ಔಷಧಿಯೋ ಇದೆ.

ಭಾಷೆಯ ಅಡ್ಡಿ ನಿಜವಾದದ್ದು. ಊರಿಂದ ಹೊಸದಾಗಿ ಬಂದವರಿಗೆ, ಅದರಲ್ಲೂ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ, ಇಂಥದ್ದನ್ನು ಹಿಂದಿ ಮರಾಠಿಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಕೆಲವು ಮಾತು ನೆನಪಿಟ್ಟುಕೊಂಡರೆ ಕೆಲಸ ನಡೆಯುತ್ತದೆ. ಮೂತ್ರ ಉರಿಯುತ್ತಿದ್ದರೆ ‘ಲಘವೀಲಾ ಜಳಜಳ ಹೋತೆ’. ಬಿಳಿ ಹೋಗುತ್ತಿದ್ದರೆ ‘ಅಂಗಾವರೂನ್ ಪಾಂಢರೆ ಜಾತೆ’, ಹಿಂದಿಯಲ್ಲಿ ‘ಸಫೇದ್ ಪಾನಿ’. ಹುಣ್ಣಾಗಿದ್ದರೆ ‘ಜಖಮ್’. ಅದೂ ಆಗದಿದ್ದರೆ ಕನ್ನಡದಲ್ಲಿ ಚೀಟಿ ಬರೆದು ನಂಬಿಕೆಯ ಯಾರಿಂದಲಾದರೂ ಮರಾಠಿ ಮಾಡಿಸಿಕೊಂಡು ಹೋಗಿ. ಗಂಡನನ್ನೋ ಅತ್ತೆಯನ್ನೋ ದುಭಾಷಿಯಾಗಿ ಕೂರಿಸಿಕೊಂಡರೆ ಹೇಳಬೇಕಾದ್ದು ಹೊರಗೆ ಬರುವುದಿಲ್ಲ.

ಎಚ್‌ಐವಿ ಟೆಸ್ಟ್ ನೋಡಲು ಬಹಳ ಸಣ್ಣ ವಸ್ತು. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಪಟ್ಟಿ, ಅದರಲ್ಲೊಂದು ಗುಳಿ. ಗುಳಿಗೆ ಒಂದು ತೊಟ್ಟು ರಕ್ತ, ಮೇಲೆ ಒಂದೆರಡು ತೊಟ್ಟು ದ್ರಾವಣ. ಸುಮಾರು 15-20 ನಿಮಿಷದಲ್ಲಿ ಗೆರೆ ಮೂಡುತ್ತದೆ. ‘ಸಿ’ ಎಂಬ ಜಾಗದಲ್ಲಿ ಗೆರೆ ಬಂದರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದರ್ಥ. ಅಲ್ಲಿ ಗೆರೆ ಬರದಿದ್ದರೆ ಆ ಪಟ್ಟಿಯನ್ನೇ ಎಸೆದು ಬೇರೆ ತೆಗೆಯಬೇಕು. ‘ಟಿ’ ಜಾಗದಲ್ಲೂ ಗೆರೆ ಬಂದರೆ ರಿಯಾಕ್ಟಿವ್, ಅಂದರೆ ಪ್ರತಿಕಾಯ ಸಿಕ್ಕಿರಬಹುದು. ಆದರೆ ಒಂದು ಪಟ್ಟಿಯನ್ನು ನಂಬಿ ಯಾರಿಗೂ ಎಚ್‌ಐವಿ ಇದೆ ಎಂದು ಹೇಳುವಂತಿಲ್ಲ. ಬೇರೆ ಬೇರೆ ಬಗೆಯ 3 ಟೆಸ್ಟ್‌ಗಳಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಎಂದು ಬರೆದುಕೊಡುತ್ತಾರೆ. ಆಮೇಲೆ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ, 2004ರಿಂದ ಸರ್ಕಾರ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ದಿನಾ ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದು, ಹಾಗೇ ಉಳಿದರೆ ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಇದನ್ನು ಇನ್ನೂ ಜೋರಾಗಿ ಹೇಳಬೇಕು ಅನಿಸುತ್ತದೆ ನನಗೆ. ಹಳೆಯ ಹೆದರಿಕೆ ಜನರ ಮನಸ್ಸಿನಲ್ಲಿ ಇನ್ನೂ ಹಾಗೇ ಕೂತಿದೆ.

ಬಣ್ಣದ ಕಿಟ್‌ಗಳು

ಸುರಕ್ಷಾ ಕ್ಲಿನಿಕ್ಕಿನಲ್ಲಿ ಔಷಧಿ ಬಣ್ಣಬಣ್ಣದ ಕಿಟ್‌ಗಳಲ್ಲಿ ಬರುತ್ತದೆ, ಒಟ್ಟು 7. ಮೂತ್ರನಾಳದಿಂದ ಕೀವು ಬರುತ್ತಿದ್ದರೆ ಬೂದು ಬಣ್ಣದ್ದು, ಯೋನಿಸ್ರಾವಕ್ಕೆ ಹಸಿರು, ಹುಣ್ಣಿಗೆ ಬಿಳಿ, ಪೆನಿಸಿಲಿನ್ ಆಗದವರಿಗೆ ನೀಲಿ, ಹರ್ಪಿಸ್‌ಗೆ ಕೆಂಪು, ಹೆಂಗಸರ ಕೆಳಹೊಟ್ಟೆ ನೋವಿಗೆ ಹಳದಿ, ತೊಡೆಸಂದಿನ ಗಡ್ಡೆಗೆ ಕಪ್ಪು. ಲಕ್ಷಣ ನೋಡಿ, ಅದಕ್ಕೆ ಕಾರಣವಾಗಬಹುದಾದ ಮುಖ್ಯ ರೋಗಾಣುಗಳಿಗೆಲ್ಲ ಒಟ್ಟಿಗೆ ಔಷಧಿ ಕೊಡುವ ಪದ್ಧತಿ ಇದು. ಲ್ಯಾಬ್ ರಿಪೋರ್ಟಿಗೆ ಕಾಯಬೇಕಾಗಿಲ್ಲ. ದಿನಗೂಲಿ ಬಿಟ್ಟು ಬಂದವರು ಮತ್ತೆ ಬರುತ್ತಾರೋ ಇಲ್ಲವೋ, ಅವತ್ತೇ ಔಷಧಿ ಕೈಗೆ ಸಿಗುವುದು ಬಹಳ ದೊಡ್ಡ ವಿಷಯ.

ಆದರೆ ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳಲೇಬೇಕು. ಲಕ್ಷಣವೇ ಇಲ್ಲದವರಿಗೆ ಈ ಪದ್ಧತಿ ಏನೂ ಮಾಡಲಾರದು. ಕ್ಲಮೀಡಿಯಾ, ಗನೋರಿಯಾ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ‘ಪಿಸಿಆರ್’ ಅಥವಾ ‘ನ್ಯಾಟ್’ ಟೆಸ್ಟ್ ಖಾಸಗಿ ಲ್ಯಾಬುಗಳಲ್ಲಿ ಸಿಗುತ್ತದೆ. ಹಲವು ಸೋಂಕುಗಳನ್ನು ಒಟ್ಟಿಗೆ ನೋಡುವ ಪ್ಯಾನೆಲ್ಲಿಗೆ ಸಾವಿರಗಟ್ಟಲೆ ರೂಪಾಯಿ ಆಗುತ್ತದೆ. ಹೊಸ ಸಂಗಾತಿ ಸಿಕ್ಕಾಗ, ಮದುವೆಗೆ ಮುಂಚೆ, ಒಬ್ಬರಿಗಿಂತ ಜಾಸ್ತಿ ಜನರ ಜೊತೆ ಸಂಬಂಧ ಇರುವಾಗ ಕೈಯಲ್ಲಿ ದುಡ್ಡಿದ್ದವರು ಇದನ್ನು ಮಾಡಿಸುವುದು ಒಳ್ಳೆಯದು. ಇದು ಸರ್ಕಾರಿ ಕ್ಲಿನಿಕ್ಕಿನಲ್ಲೂ ಎಲ್ಲರಿಗೂ ಸಿಗುವಂತಾಗಬೇಕು.

ಮೆಡಿಕಲ್ ಅಂಗಡಿಯಲ್ಲಿ ‘ಒಂದು ಅಜಿತ್ರೋ ಕೊಡಿ’ ಎಂದು ಆ್ಯಂಟಿಬಯೋಟಿಕ್ ತಂದು ನುಂಗುವುದು ಕೆಟ್ಟ ಅಭ್ಯಾಸ. ಅರ್ಧಂಬರ್ಧ ಔಷಧಿಗೆ ಉರಿ ಕಡಿಮೆಯಾಗುತ್ತದೆ, ರೋಗಾಣು ಪೂರ್ತಿ ಸಾಯುವುದಿಲ್ಲ. ಗನೋರಿಯಾ ಒಂದಾದ ಮೇಲೊಂದು ಆ್ಯಂಟಿಬಯೋಟಿಕ್‌ಗೆ ಬಗ್ಗದಂತಾಗಿರುವುದು ಪ್ರಪಂಚದಾದ್ಯಂತ ಡಾಕ್ಟರುಗಳ ತಲೆನೋವು. ಟೆಸ್ಟಿಗೆ ಮುಂಚೆ ಔಷಧಿ ತಿಂದರೆ ಟೆಸ್ಟಿನಲ್ಲೂ ಸರಿಯಾಗಿ ಸಿಗುವುದಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಮುಂಬೈ ಮಳೆಗಾಲದಲ್ಲಿ ಒದ್ದೆ ಬಟ್ಟೆ, ಬೆವರು, ತೊಡೆಸಂದಿನಲ್ಲಿ ತುರಿಕೆ, ದುಂಡಗಿನ ಕೆಂಪು ಗಾಯ. ಅದನ್ನು ನೋಡಿ ‘ನನಗೆ ಆ ರೋಗ ಬಂತು’ ಎಂದು ನಿದ್ದೆಗೆಟ್ಟವರಿದ್ದಾರೆ. ಹೆಚ್ಚಿನ ಸಲ ಅದು ಬರೀ ಹುಳುಕಡ್ಡಿ. ಅದಕ್ಕೆ ಅಂಗಡಿಯ ಸ್ಟಿರಾಯ್ಡ್ ಕ್ರೀಮ್ ಹಚ್ಚಿ ಹಚ್ಚಿ ಜಾಸ್ತಿ ಮಾಡಿಕೊಳ್ಳುತ್ತಾರೆ.

ರಿಪೋರ್ಟ್ ಓದುವುದು

ಜನ ಅತಿ ಹೆಚ್ಚು ಗಾಬರಿಯಾಗುವುದು ಸಿಫಿಲಿಸ್ ರಿಪೋರ್ಟ್ ನೋಡಿ. ಇದರಲ್ಲಿ ಎರಡು ಜಾತಿಯ ಟೆಸ್ಟ್ ಇದೆ. ‘ವಿಡಿಆರ್‌ಎಲ್’ ಅಥವಾ ‘ಆರ್‌ಪಿಆರ್’ ಒಂದು, ‘ಟಿಪಿಎಚ್‌ಎ’ ಇನ್ನೊಂದು. ಮೊದಲನೆಯದು ಸಿಫಿಲಿಸ್ ರೋಗಾಣುವನ್ನು ನೇರವಾಗಿ ಗುರುತಿಸುವುದಿಲ್ಲ. ಅದರಿಂದ ಜೀವಕೋಶಗಳಿಗೆ ಹಾನಿಯಾದಾಗ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು ನೋಡುತ್ತದೆ. ಹಾಗಾಗಿ ಬಸಿರಿನಲ್ಲಿ, ಮಲೇರಿಯಾದಲ್ಲಿ, ಕೆಲವು ಸಂಧಿವಾತದ ಕಾಯಿಲೆಗಳಲ್ಲಿ ಸಿಫಿಲಿಸ್ ಇಲ್ಲದೆಯೂ ರಿಯಾಕ್ಟಿವ್ ಬರಬಹುದು. ಅದಕ್ಕೇ ಟಿಪಿಎಚ್‌ಎ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ಬಸುರಿ ಹೆಂಗಸಿನ ವಿಡಿಆರ್‌ಎಲ್ ರಿಯಾಕ್ಟಿವ್ ಬಂದ ತಕ್ಷಣ ಮನೆಯಲ್ಲಿ ರಂಪ ಎಬ್ಬಿಸುವ ಮೊದಲು ಈ ಎರಡನೆಯ ಟೆಸ್ಟಿನ ತನಕ ತಾಳಿ. ಖಚಿತವಾದರೆ ಮಾತ್ರ ಒಂದು ದಿನವೂ ತಡಮಾಡಬೇಡಿ, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ದೊಡ್ಡ ಅಪಾಯ ಇದೆ. ಸಮಯಕ್ಕೆ ಪೆನಿಸಿಲಿನ್ ಕೊಟ್ಟರೆ ಆ ಅಪಾಯ ತಪ್ಪುತ್ತದೆ.

ವಿಡಿಆರ್‌ಎಲ್ ಪಕ್ಕದಲ್ಲಿ 1:8, 1:32 ಎಂದೆಲ್ಲ ಇರುತ್ತದೆ. ರಕ್ತವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಇನ್ನೂ ಸಿಗುತ್ತಿದೆ ಎಂಬ ಲೆಕ್ಕ ಅದು. ಕೊನೆಯ ಅಂಕಿ ದೊಡ್ಡದಿದ್ದಷ್ಟೂ ಸೋಂಕು ಚುರುಕಾಗಿದೆ ಎಂದು ಸಾಮಾನ್ಯವಾಗಿ ಅರ್ಥ. ಚಿಕಿತ್ಸೆ ಆದ ಮೇಲೆ ಇದು ತಿಂಗಳುಗಳಲ್ಲಿ ಇಳಿಯಬೇಕು. 1:32 ಇದ್ದದ್ದು 1:8ಕ್ಕೆ ಬಂದರೆ, ಅಂದರೆ 4 ಪಟ್ಟು ಇಳಿದರೆ, ಔಷಧಿ ಹಿಡಿದಿದೆ ಎಂದರ್ಥ. ಆದ್ದರಿಂದ ಹಳೆಯ ರಿಪೋರ್ಟ್ ಎಸೆಯಬೇಡಿ. ಮುಂದಿನದ್ದನ್ನು ಹೋಲಿಸಲು ಅದು ಬೇಕೇ ಬೇಕು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಅದೇ ಟೆಸ್ಟ್ ಮಾಡಿಸಿ. ಟಿಪಿಎಚ್‌ಎ ಹಾಗಲ್ಲ. ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಇದು ಗೊತ್ತಿಲ್ಲದೆ ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರು ‘ಮತ್ತೆ ಬಂತು’ ಎಂದು ಕುಸಿಯುತ್ತಾರೆ. ಚಿಕಿತ್ಸೆಯ ಕಾಗದ ಇಟ್ಟುಕೊಂಡಿದ್ದರೆ ಆ ಸಂಕಟ ತಪ್ಪುತ್ತದೆ.

ಹೊಸ ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಒಮ್ಮೆ. ಸೊಂಟಕ್ಕೆ ಕೊಡುತ್ತಾರೆ, ನೋವು ಚೆನ್ನಾಗಿಯೇ ಇರುತ್ತದೆ. ಹಳೆಯದಾಗಿದ್ದರೆ ವಾರಕ್ಕೊಂದರಂತೆ 3. ಇಂಜೆಕ್ಷನ್ ಆದ ಮೊದಲ 24 ಗಂಟೆಯಲ್ಲಿ ಕೆಲವರಿಗೆ ಜ್ವರ, ಮೈಕೈ ನೋವು ಬರುತ್ತದೆ. ರೋಗಾಣುಗಳು ಒಟ್ಟಿಗೆ ಸಾಯುವಾಗ ಹೀಗಾಗುವುದುಂಟು. ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು ಎಂದಾದರೆ ಅದು ಅಲರ್ಜಿ. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಲು ಹೇಳುತ್ತಾರೆ. ಎದ್ದು ಬರಬೇಡಿ.

ಗುಟ್ಟು ಮತ್ತು ಕಾನೂನು

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವಿಷಯ ತಿಳಿಸಿ ನಿಮ್ಮ ಒಪ್ಪಿಗೆ ಪಡೆಯದೆ ಎಚ್‌ಐವಿ ಟೆಸ್ಟ್ ಮಾಡುವಂತಿಲ್ಲ. ನಿಮ್ಮ ಸ್ಥಿತಿಯನ್ನು ಸುಮ್ಮನೆ ಯಾರಿಗೂ ಹೇಳುವಂತಿಲ್ಲ. ಕೆಲಸ ಕೊಡುವ ಮುಂಚೆ ಎಚ್‌ಐವಿ ಟೆಸ್ಟ್ ತನ್ನಿ ಎಂದು ಮಾಲೀಕ ಕೇಳುವುದೂ ತಪ್ಪು. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಇದು ಗೊತ್ತಿರಬೇಕು. ಜೊತೆಯಲ್ಲಿ ಉಂಡರೆ, ತಟ್ಟೆ ಲೋಟ ಮುಟ್ಟಿದರೆ ಎಚ್‌ಐವಿ ಹರಡುವುದೇ ಇಲ್ಲ, ಅಡುಗೆಮನೆಯಿಂದ ಯಾರನ್ನೂ ಹೊರಗೆ ಹಾಕಲು ಅದು ಕಾರಣ ಅಲ್ಲ.

ಪರೀಕ್ಷೆಯ ವೇಳೆ ಹೆಂಗಸರಿಗೆ ಲೇಡಿ ಡಾಕ್ಟರೇ ಬೇಕು ಎಂದು ಕೇಳಬಹುದು, ಅವರು ಸಿಗದಿದ್ದರೆ ಜೊತೆಗೆ ನರ್ಸ್ ಇರಲಿ ಎನ್ನಬಹುದು. ಮದುವೆಯಾಗಿಲ್ಲ ಎಂದು ಯಾರಾದರೂ ಹುಬ್ಬೇರಿಸಿದರೆ ಅದು ಅವರ ತಪ್ಪು, ನಿಮ್ಮದಲ್ಲ. ಮುಟ್ಟಿನ ದಿನ ಬಿಟ್ಟು ಹೋದರೆ ನೋಡಲು ಅನುಕೂಲ. ಹೋಗುವ ಮುಂಚೆ ಒಳಗೆಲ್ಲ ನೀರು ಹಾಕಿ ತೊಳೆಯಬೇಡಿ, ಸ್ಯಾಂಪಲ್ ಹಾಳಾಗುತ್ತದೆ.

ಇಬ್ಬರಿಗೂ ಔಷಧಿ

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಗಂಡನಿಗೆ ಗನೋರಿಯಾ. ಅವನು ಗುಟ್ಟಾಗಿ ಕಿಟ್ ತಿಂದು ವಾಸಿಯಾದ. ಹೆಂಡತಿಗೆ ಅದು ಆಗಲೇ ದಾಟಿದೆ, ಅವಳಿಗೆ ಲಕ್ಷಣ ಇಲ್ಲ. ಎರಡು ವಾರದ ನಂತರ ಅವಳಿಂದ ಅವನಿಗೆ ವಾಪಸ್. ಅವನಿಗೇನೋ ಉರಿ ಬಂದು ಗೊತ್ತಾಗುತ್ತದೆ. ಅವಳ ಗರ್ಭನಾಳದಲ್ಲಿ ಸೋಂಕು ಏರಿ ನಾಳ ಮುಚ್ಚಿಹೋದರೆ ಗೊತ್ತಾಗುವುದು ವರ್ಷಗಳ ಮೇಲೆ, ಮಕ್ಕಳಾಗಲಿಲ್ಲ ಎಂದಾಗ. ಆಗ ‘ಬಂಜೆ’ ಎಂಬ ಮಾತು ಕೇಳುವುದು ಅವಳು. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಸುರಕ್ಷಾ ಕ್ಲಿನಿಕ್ಕಿನಲ್ಲಿ ಸಂಗಾತಿಗೂ ಚಿಕಿತ್ಸೆ ಕೊಡುವ ವ್ಯವಸ್ಥೆ ಇದೆ, ಕೇಳಿ. ಮನೆಯಲ್ಲಿ ಹೇಳಲು ಧೈರ್ಯ ಇಲ್ಲದಿದ್ದರೆ ಕೌನ್ಸೆಲರನ್ನೇ ಕೇಳಿ, ಹೇಗೆ ಮಾತು ತೆಗೆಯಬೇಕು ಎಂದು ಹೇಳಿಕೊಡುತ್ತಾರೆ. ಇಬ್ಬರನ್ನೂ ಕೂರಿಸಿ ತಾವೇ ಮಾತಾಡುವುದೂ ಉಂಟು. ಈಗಿನ ಸಂಗಾತಿಗೆ ಮಾತ್ರವಲ್ಲ, ಕಳೆದ ಒಂದೆರಡು ತಿಂಗಳಲ್ಲಿ ಸಂಪರ್ಕ ಇದ್ದವರಿಗೂ ತಿಳಿಸಬೇಕು. ಫೋನ್ ಮಾಡಲು ಆಗದಿದ್ದರೆ ‘ನನಗೆ ಸೋಂಕು ಸಿಕ್ಕಿದೆ, ನೀವೂ ತೋರಿಸಿಕೊಳ್ಳಿ’ ಎಂದು ಒಂದು ಮೆಸೇಜ್ ಸಾಕು. ಗನೋರಿಯಾ, ಕ್ಲಮೀಡಿಯಾಕ್ಕೆ ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಂಡು, ಮುಗಿದ ಮೇಲೆ 7 ದಿನ ಸಂಪರ್ಕ ಬೇಡ, ಕಾಂಡೋಮ್ ಇದ್ದರೂ ಬೇಡ. ಮತ್ತೆ ತಗುಲುವುದು ಸಾಮಾನ್ಯವಾದ್ದರಿಂದ 3 ತಿಂಗಳಿಗೆ ಇನ್ನೊಮ್ಮೆ ಟೆಸ್ಟ್ ಮಾಡಿಸಬೇಕು. ಅವತ್ತೇ ಎಚ್‌ಐವಿ ಮತ್ತು ಸಿಫಿಲಿಸ್‌ನ 3 ತಿಂಗಳ ಟೆಸ್ಟನ್ನೂ ಸೇರಿಸಿಕೊಂಡರೆ ಇನ್ನೊಂದು ದಿನದ ಕೂಲಿ ಉಳಿಯುತ್ತದೆ.